ಒತ್ತು ಕಳಚಿದ ನಕ್ಷೆ
ಈ ವಾರ ಕಂಡ ಮಳೆ ನಕ್ಷೆಯೊಂದರಲ್ಲಿ ಚಿಕ್ಕಮಗಳೂರಿನ ಒತ್ತು ಕಳಚಿ, ಹಲಂತದ ಕೊಕ್ಕೆ ಹೊತ್ತ ಒಂದು ‘ಕ’ದ ಪಕ್ಕ ಇನ್ನೊಂದು ‘ಕ’ ನಿಂತಿತ್ತು. ಗ್ರಾಫಿಕ್ಸ್ ಕಾರ್ಡ್ ಬಳಸುವ ಎಷ್ಟೋ ನಕ್ಷೆ ತಂತ್ರಾಂಶಗಳಿಗೆ ಅಕ್ಷರವೂ ಒಂದು ಐಕಾನೇ, ಅಂಥದ್ದೇ ಒಂದಾದ ಡೆಕ್.ಜಿಎಲ್‌ನ ಪಠ್ಯಪದರ ಕಟ್ಟಿರುವುದೇ ಐಕಾನ್ ಪದರದ ಮೇಲೆ. ಚಿಹ್ನೆಗಳನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟು, ಒಂದೊಂದನ್ನೇ ಎತ್ತಿ ಸಾಲಾಗಿ ಅಂಟಿಸುವ ವಿಧಾನವಿದು. ಸಾವಿರಾರು ಹೆಸರು ಕ್ಷಣದಲ್ಲಿ ಮೂಡುತ್ತವೆ, ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಕ, ಹಲಂತ, ಕ ಎಂಬ 3 ಯೂನಿಕೋಡ್ ಸಂಕೇತಗಳು ಬೆಸೆದು ಒಂದೇ ರೂಪ ತಾಳಬೇಕು. ಅಚ್ಚುಮೊಳೆ ಜೋಡಿಸುವವರು ಒತ್ತನ್ನು ಕೈಯಾರೆ ಕೂರಿಸುತ್ತಿದ್ದರು. ಇಂದು ಆ ಕೆಲಸ ಬಲ್ಲ ತಂತ್ರಾಂಶ ಹಾರ್ಫ್‌ಬಜ್ ಉಚಿತವಾಗಿ ಸಿಗುತ್ತದೆ, ಕ್ರೋಮ್, ಫೈರ್‌ಫಾಕ್ಸ್‌ಗಳ ಒಳಗೇ ಇದೆ. ನಕ್ಷೆ ರೂಪಿಸುವವರು ಬಿಡಿ ಚಿಹ್ನೆ ಅಂಟಿಸುವುದನ್ನು ಬಿಟ್ಟು, ಇಡೀ ಊರಿನ ಹೆಸರನ್ನು ಬ್ರೌಸರ್‌ನಿಂದಲೇ ಬರೆಸಿ ಒಂದು ಚಿತ್ರವಾಗಿ ಕೂರಿಸಲಿ. ನಕ್ಷೆ ತುಸು ತಡವಾಗಿ ತೆರೆದರೆ ನಾವು ಕಾಯುತ್ತೇವೆ.