ಹಿಂಗಿನಲ್ಲೂ ಗೋಧಿ ಇದೆ ಸ್ವಾಮಿ!

ಮೆಸ್‌ನಲ್ಲಿ ಯಾರಾದ್ರೂ "ನಂಗೆ ಚಪಾತಿ ಬೇಡ, ಗ್ಲುಟೆನ್ ಆಗಲ್ಲ" ಅಂದ್ರೆ ಸಾಕು, ಪಕ್ಕದ ಟೇಬಲ್‌ನಿಂದ "ಓಹೋ, ಡಯಟ್ಟಾ?" ಅಂತ ಒಂದು ನಗು ಬಂದೇ ಬರುತ್ತೆ. ಆ ನಗು ನಿಲ್ಲಬೇಕು ಅಂತ ನಾವು ಇದನ್ನ ಬರೀತಿದ್ದೀವಿ.

ಗ್ಲುಟೆನ್ ಅಂದ್ರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನ್. ಚಪಾತಿ ಹಿಟ್ಟು ಎಳೆದರೂ ಹರಿಯದಂತೆ ಹಿಡಿದಿಡೋದು ಇದೇ. ನಮ್ಮಲ್ಲಿ ಹೆಚ್ಚಿನವರಿಗೆ ಇದರಿಂದ ಏನೂ ಆಗಲ್ಲ. ಆದರೆ ಸೀಲಿಯಾಕ್ ಕಾಯಿಲೆ ಇರುವವರು ಇದನ್ನು ತಿಂದರೆ ಅವರದೇ ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿಬೀಳುತ್ತೆ. ತಿಂದದ್ದು ಮೈಗೆ ಹತ್ತಲ್ಲ. ಹೊಟ್ಟೆನೋವು, ಭೇದಿ, ರಕ್ತಹೀನತೆ, ಸುಸ್ತು. ಎರಡನೇ ಮಹಾಯುದ್ಧದ ಆಸುಪಾಸಿನ ವರ್ಷಗಳಲ್ಲಿ ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಇದಕ್ಕೂ ಗೋಧಿಗೂ ಇರುವ ನಂಟನ್ನು ಗುರುತಿಸಿದರು. ಇವತ್ತಿಗೂ ಊಟ ಬದಲಿಸೋದೇ ಚಿಕಿತ್ಸೆ, ಅದೂ ಜೀವನಪೂರ್ತಿ.

"ನಾವು ಅನ್ನ ತಿನ್ನೋರು, ನಮಗೇನು ಕಷ್ಟ?" ಅಂತೀರಾ? ಅರ್ಧ ನಿಜ. ಅಕ್ಕಿ, ರಾಗಿ, ಜೋಳ ಮೂರರಲ್ಲೂ ಗ್ಲುಟೆನ್ ಇಲ್ಲ. ಮುದ್ದೆ, ಜೋಳದ ರೊಟ್ಟಿ, ನೀರುದೋಸೆ ಆರಾಮಾಗಿ ತಿನ್ನಬಹುದು. ಆದ್ರೆ ಸಾರಿನ ಒಗ್ಗರಣೆಗೆ ಹಾಕೋ ಹಿಂಗು? ಡಬ್ಬಿ ತಿರುಗಿಸಿ ಓದಿ, ಬಹಳಷ್ಟರಲ್ಲಿ ಮೈದಾನೋ ಗೋಧಿ ಹಿಟ್ಟೋ ಇರುತ್ತೆ. ಉಪ್ಪಿಟ್ಟು, ಕೇಸರಿಬಾತ್, ರವೆ ಇಡ್ಲಿ ಎಲ್ಲಾ ಗೋಧಿ ರವೆಯದ್ದೇ. ಗೋಬಿ ಮಂಚೂರಿಯಲ್ಲಿ ಮೈದಾ, ಅದರ ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ. ಪೂರಿ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿದ್ರೆ ಆ ಹಪ್ಪಳವೂ ಬೇಡ. ಎಫ್‌ಎಸ್‌ಎಸ್‌ಎಐ ಪ್ರಕಾರ ಪ್ಯಾಕೆಟ್ ಮೇಲೆ 'ಗ್ಲುಟೆನ್ ಫ್ರೀ' ಅಂತ ಬರೆಯಬೇಕಾದ್ರೆ ಗ್ಲುಟೆನ್ ಕೆಜಿಗೆ 20 ಮಿಲಿಗ್ರಾಂ ದಾಟುವಂತಿಲ್ಲ. ಅಂದ್ರೆ 20 ಪಿಪಿಎಂ, ಇಂಜಿನಿಯರುಗಳಿಗೆ ಬಿಡಿಸಿ ಹೇಳಬೇಕಾ? ಚಪಾತಿ ಹಿಟ್ಟು ಮೆತ್ತಿದ ಕೈಯಲ್ಲಿ ಅನ್ನದ ಸೌಟು ಹಿಡಿದರೆ ಈ ಲೆಕ್ಕ ಎಲ್ಲಿ ಉಳಿಯುತ್ತೆ?

ಇನ್ನು ರೀಲ್ಸ್ ನೋಡಿ, ತೂಕ ಇಳಿಸೋಕೆ ಅಂತ ಗೋಧಿ ಬಿಟ್ಟವರಿಗೂ ಒಂದು ಮಾತು. ಅನುಮಾನ ಇದ್ರೆ ಮೊದಲು ಡಾಕ್ಟರ ಹತ್ರ ಹೋಗಿ ರಕ್ತಪರೀಕ್ಷೆ ಮಾಡಿಸಿ. ಗೋಧಿ ಬಿಟ್ಟು ತಿಂಗಳುಗಳಾದ ಮೇಲೆ ಮಾಡಿಸಿದ್ರೆ ಕಾಯಿಲೆ ಇದ್ದರೂ ರಿಪೋರ್ಟ್‌ನಲ್ಲಿ ಕಾಣದೇ ಹೋಗಬಹುದು. ನಿಮ್ಮ ಫ್ಯಾಷನ್‌ನಿಂದಾಗಿಯೇ ನಿಜವಾಗಿ ಕಾಯಿಲೆ ಇರೋರ ಮಾತನ್ನೂ ಅಡುಗೆ ಭಟ್ರು ನಂಬಲ್ಲ.

ಮೆಸ್ ಕಮಿಟಿಯವರೇ, ನಾವೇನೂ ಬೇರೆ ಅಡುಗೆಮನೆ ಕೇಳ್ತಿಲ್ಲ. ಗೋಧಿ ಬೆರೆಸದ ಹಿಂಗು, ಮುಚ್ಚಳ ಇರೋ ಒಂದು ಪಾತ್ರೆ, ಅದಕ್ಕೇ ಅಂತ ಒಂದು ಸೌಟು, ಮೆನು ಬೋರ್ಡಿನಲ್ಲಿ ಗೋಧಿ ಇರೋ ತಿಂಡಿಯ ಮುಂದೆ 'ಗೋ' ಅಂತ ಒಂದು ಗುರುತು. ಉಪ್ಪಿಟ್ಟಿನ ದಿನ ಅವರಿಗೆ ನಾಲ್ಕು ಅಕ್ಕಿ ಇಡ್ಲಿ. ಆ ದಿನ ಏನೂ ಕಾಯಿಲೆ ಇಲ್ಲದವರೂ ಇಡ್ಲಿ ಕ್ಯೂನಲ್ಲಿ ನಿಲ್ತಾರೆ, ಅದನ್ನ ಹೇಗೆ ತಡೀತೀರೋ ನೀವೇ ನೋಡ್ಕೊಳ್ಳಿ.