ಹೊಳೆಯ ಪಾತ್ರ

ಯಮಕನಮರಡಿಯ ಹೆಸರಿನಲ್ಲಿಯೇ ಮರಡಿ ಇದೆ, ಮರಡಿಯೆಂದರೆ ದಿಬ್ಬ. ಈ ಏರುನೆಲದ ಸೀಮೆಯಲ್ಲಿ ಹರಿಯುವ ಹೊಳೆಗಳು ಘಟಪ್ರಭೆ ಮತ್ತು ಮಾರ್ಕಂಡೇಯ. ಹಿಡಕಲ್ ಜಲಾಶಯ ಮತ್ತು ಗೋಕಾಕ ಜಲಪಾತಗಳಿಂದಾಗಿ ಘಟಪ್ರಭೆಯ ಹೆಸರನ್ನು ಕೇಳದವರಿಲ್ಲ. ಮಾರ್ಕಂಡೇಯಕ್ಕೆ ಆ ಭಾಗ್ಯವಿಲ್ಲ. ಕೋಲಾರದ ಕಡೆ ಇದೇ ಹೆಸರಿನ ಇನ್ನೊಂದು ನದಿ ಇರುವುದರಿಂದ ಹೊರಗಿನವರಿಗೆ ಗೊಂದಲ ಬೇರೆ!

ಬೆಳಗಾವಿಯ ಪಶ್ಚಿಮಕ್ಕೆ ಸಹ್ಯಾದ್ರಿಯ ಸೆರಗಿನಲ್ಲಿ ಹುಟ್ಟುವ ಈ ಹೊಳೆ, ಕಿತ್ತೂರು ರಾಣಿ ಚೆನ್ನಮ್ಮನ ತವರಾದ ಕಾಕತಿಯ ಬಳಿ ಹಾದು, ಹೊಲಗದ್ದೆಗಳ ನಡುವೆ ಪೂರ್ವಾಭಿಮುಖವಾಗಿ ಸಾಗುತ್ತದೆ. ಶಿರೂರಿನ ಬಳಿ ಇದಕ್ಕೊಂದು ಅಣೆಕಟ್ಟು ಇದೆ. ಗೊಡಚಿನಮಲ್ಕಿಯಲ್ಲಿ ಇದರ ಸ್ವಭಾವವೇ ಬದಲಾಗುತ್ತದೆ. ಅಲ್ಲಿಯವರೆಗೆ ಮಣ್ಣಿನ ದಂಡೆಗಳ ನಡುವೆ ಸದ್ದಿಲ್ಲದೆ ಬಂದ ನೀರು ಬಂಡೆಗಳ ಮೇಲೆ ಹರಡಿ ಭೋರ್ಗರೆಯುತ್ತದೆ. ಗೋಕಾಕದಲ್ಲಿ ಘಟಪ್ರಭೆಯು ಸುಮಾರು 52 ಮೀಟರು ಎತ್ತರದಿಂದ ಒಂದೇ ನೆಗೆತಕ್ಕೆ ಧುಮುಕಿದರೆ, ಮಾರ್ಕಂಡೇಯವು ಎರಡು ಹಂತಗಳಲ್ಲಿ ಇಳಿದು ಕಣಿವೆಯನ್ನು ಹೊಗುತ್ತದೆ. ಮುಂದೆ ಗೋಕಾಕದ ಸಮೀಪ ಘಟಪ್ರಭೆಯನ್ನೇ ಕೂಡಿಕೊಳ್ಳುತ್ತದೆ.

ಬೇಸಗೆಯಲ್ಲಿ ಈ ಹೊಳೆಯನ್ನು ಕಂಡವರು, ‘ಇದೂ ಒಂದು ನದಿಯೇ?’ ಎಂದು ಕೇಳುವುದುಂಟು. ಆ ಪ್ರಶ್ನೆಯಲ್ಲಿಯೇ ತಪ್ಪಿದೆ. ಹೊಳೆಯ ಪಾತ್ರವನ್ನು ಕೊರೆದದ್ದು ಬೇಸಗೆಯ ಸಣ್ಣ ಹರಿವಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸಹ್ಯಾದ್ರಿಯಲ್ಲಿ ಸುರಿಯುವ ಮಳೆ. ಉಳಿದ ತಿಂಗಳುಗಳಲ್ಲಿ ಬರಿದಾಗಿ ಕಾಣುವ ಮರಳು, ಕಲ್ಲು, ದಂಡೆಯ ಇಳಿಜಾರು, ಇವೆಲ್ಲವೂ ಹೊಳೆಯೇ. ‘ನೀರೇ ಇಲ್ಲವಲ್ಲ’ ಎಂದು ಅಲ್ಲಿ ಮಣ್ಣು ತುಂಬಿ ಗೋಡೆ ಎಬ್ಬಿಸುವವನು ಪರರ ಸೊತ್ತನ್ನು ಒತ್ತುವರಿ ಮಾಡಿದಂತೆಯೇ ಸರಿ. ಬಡ ರೈತನೊಬ್ಬ ಮರಳಿನಲ್ಲಿ ನಾಲ್ಕು ಸೌತೆಬಳ್ಳಿ ಹಬ್ಬಿಸಿದರೆ ಅದನ್ನು ದೊಡ್ಡ ಅಪರಾಧವೆನ್ನಲಾಗದು. ಮೊದಲ ಪ್ರವಾಹಕ್ಕೆ ಬಳ್ಳಿ ಕೊಚ್ಚಿಹೋಗುತ್ತದೆ. ಗೋಡೆ ಹಾಗಲ್ಲ. ಅದು ನಿಂತು ನೀರನ್ನು ಮತ್ತೊಬ್ಬನ ಮನೆಯತ್ತ ತಿರುಗಿಸುತ್ತದೆ.

2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಏಕಕಾಲಕ್ಕೆ ಉಕ್ಕಿದವು. ಗೋಕಾಕದ ಬೀದಿಗಳಿಗೆ ನೀರು ನುಗ್ಗಿತು. ದೊಡ್ಡ ನದಿ ತುಂಬಿ ನಿಂತಾಗ ಉಪನದಿಯ ನೀರಿಗೆ ಇಳಿಯಲು ಎಡೆ ದೊರೆಯುವುದಿಲ್ಲ. ಅದು ಹಿಂದೊತ್ತಿ ದಂಡೆಯನ್ನು ಮೀರುತ್ತದೆ. ಆಗ ಅದಕ್ಕೆ ಹರಡಿಕೊಳ್ಳಲು ಬಯಲು ಬೇಕು. ಇಂಥ ಹೊಳೆಯ ಎಲ್ಲೆಯನ್ನು ಬೇಸಗೆಯ ನೀರಿನ ಅಂಚಿನಿಂದ ಗೊತ್ತುಪಡಿಸಿದರೆ ಪ್ರಯೋಜನವೇನು? ಮಹಾಪೂರದ ನೀರು ಎಲ್ಲಿಯವರೆಗೆ ಏರಿತ್ತೆಂಬುದು ದಂಡೆಯ ಊರುಗಳ ಹಿರಿಯರಿಗೆ ಗೊತ್ತು. ಅವರನ್ನು ಕೇಳಿ, ಅವರು ತೋರಿಸಿದ ಜಾಗದಲ್ಲಿ ಗಡಿಕಲ್ಲು ನೆಡುವುದು ಗ್ರಾಮ ಪಂಚಾಯಿತಿಗಳಿಗೆ ಕಷ್ಟದ ಕೆಲಸವೇನಲ್ಲ.