ಬೇರಿಗೂ ಉಸಿರು ಬೇಕು

ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತೆ. "ದಿನಾ ನೀರು ಹಾಕ್ತಿದೀನಿ, ಆದ್ರೂ ತುಳಸಿ ಬಾಡ್ತಿದೆ. ಯಾಕೆ?" ಕೆಳಗೆ ಸಲಹೆಗಳ ಸಾಲು. ಗೊಬ್ಬರ ಹಾಕಿ, ಬೇವಿನೆಣ್ಣೆ ಹೊಡೀರಿ, ದೃಷ್ಟಿ ತೆಗೀರಿ. ಯಾರೋ ಒಬ್ಬರು "ನೀರು ಸಾಲ್ತಿಲ್ಲ, ಇನ್ನೊಂದು ಚೊಂಬು ಜಾಸ್ತಿ ಹಾಕಿ" ಅಂತಾರೆ. ತುಳಸಿಗೆ ಕೊನೆಯ ಏಟು ಬೀಳೋದು ಅಲ್ಲೇ.

ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದಿ ಈಗ ಬ್ಯಾಂಕಿನಲ್ಲಿ ಸಾಲದ ಫೈಲು ನೋಡೋ ನನಗೆ, ಓದಿದ್ದು ಉಪಯೋಗಕ್ಕೆ ಬರೋದು ಇಂಥ ಹೊತ್ತಲ್ಲೇ.

ನೀರು ಮೇಲಕ್ಕೆ ಹತ್ತೋದು ಹೇಗೆ ಅನ್ನೋದರಿಂದ ಶುರು ಮಾಡೋಣ. ನಮ್ಮ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿಸೋ ಮೋಟರು ಕೆಳಗಿರುತ್ತೆ. ಅದನ್ನು ಟೆರೇಸಿನ ಮೇಲಿಟ್ಟು ನೀರನ್ನು ಹೀರೋಕೆ ಹೋದರೆ ಸುಮಾರು 10 ಮೀಟರ್‌ಗಿಂತ ಎತ್ತರಕ್ಕೆ ಬರೋದೇ ಇಲ್ಲ. ಹಾಗಾದರೆ 20 ಮೀಟರ್ ಎತ್ತರದ ತೆಂಗಿನ ಮರದ ತುದಿಗೆ ನೀರು ಹೋಗೋದು ಹೇಗೆ? ಮೋಟರೇ ಇಲ್ಲ. ಬೇರಿನಿಂದ ಎಲೆಯವರೆಗೆ ಕೂದಲಿನಷ್ಟು ಸಣ್ಣ ಕೊಳವೆಗಳಿವೆ, ಹೆಸರು ಕ್ಸೈಲಂ. ಅವು ಸತ್ತ ಜೀವಕೋಶಗಳ ಖಾಲಿ ಗೋಡೆಗಳು. ಒಳಗೆ ನೀರಿನ ಕಣಗಳು ಒಂದಕ್ಕೊಂದು ಬಿಡದೆ ಅಂಟಿಕೊಂಡಿರುತ್ತವೆ. ಎಲೆಯಿಂದ ಒಂದಿಷ್ಟು ನೀರು ಆವಿಯಾಗಿ ಹಾರಿದರೆ ಇಡೀ ಸರವೇ ಮೇಲಕ್ಕೆ ಜಗ್ಗುತ್ತದೆ. ಐರ್ಲೆಂಡಿನ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಇದನ್ನು ಹೇಳಿದರು. ನಮ್ಮ ಜಗದೀಶಚಂದ್ರ ಬೋಸ್ ಒಪ್ಪಲಿಲ್ಲ, ಕಾಂಡದ ಜೀವಂತ ಕೋಶಗಳು ಮಿಡಿದು ಮಿಡಿದು ನೀರನ್ನು ತಳ್ಳುತ್ತವೆ ಅಂತ ವಾದಿಸಿದರು. ಕೇಳೋಕೆ ಬೋಸರ ಮಾತೇ ಚಂದ. ಆದರೆ ಪುರಾವೆಗಳು ನಿಂತದ್ದು ಡಿಕ್ಸನ್ ಕಡೆ.

ಎಲೆ ನೀರನ್ನು ಹಾರಿಬಿಡೋದು ಬೇಕೂಂತಲ್ಲ, ಬೇರೆ ದಾರಿಯಿಲ್ಲ. ಊಟಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಎಲೆಯ ಸಣ್ಣ ಬಾಗಿಲುಗಳು, ಅಂದರೆ ಪತ್ರರಂಧ್ರಗಳು ತೆರೆಯಬೇಕು. ತೆರೆದರೆ ನೀರು ಹೊರಗೆ ಹೋಗುತ್ತೆ. ಒಂದು ಅಣು ಇಂಗಾಲದ ಡೈಆಕ್ಸೈಡ್ ಒಳಗೆ ಬರೋಷ್ಟರಲ್ಲಿ ಸಾಮಾನ್ಯ ಗಿಡ ನೂರಾರು ಅಣು ನೀರನ್ನು ಕಳಕೊಳ್ಳುತ್ತೆ. ಇಂಥ ಬಡ್ಡಿಗೆ ನಮ್ಮ ಬ್ಯಾಂಕಿನಲ್ಲಿ ಯಾರೂ ಸಾಲ ತಗೊಳ್ಳಲ್ಲ! ನಿಮ್ಮ ಆಫೀಸ್ ಮೇಜಿನ ಸ್ನೇಕ್ ಪ್ಲಾಂಟ್, ಮನೆಯ ಲೋಳೆಸರ ಮಾತ್ರ ಜಾಣರು. ಹಗಲು ಬಾಗಿಲು ಹಾಕಿಕೊಂಡು ತಂಪು ರಾತ್ರಿಯಲ್ಲಿ ತೆಗೀತಾರೆ. ಹಾಗಾಗಿಯೇ ವಾರಗಟ್ಟಲೆ ನೀರಿಲ್ಲದೆ ಇರಬಲ್ಲರು.

ಇಷ್ಟಾದ ಮೇಲೂ ತುಳಸಿ ಯಾಕೆ ಬಾಡಿತು ಅನ್ನೋದು ಉಳೀತು. ನೀರನ್ನು ಎಲೆ ಪುಕ್ಕಟೆ ಎಳೆಯುತ್ತೆ, ಸರಿ. ಆದರೆ ಪೊಟ್ಯಾಸಿಯಂ, ನೈಟ್ರೇಟ್‌ನಂಥ ಲವಣಗಳನ್ನು ಮಣ್ಣಿನಿಂದ ಆರಿಸಿ ಒಳಗೆ ತುಂಬಿಸಿಕೊಳ್ಳೋಕೆ ಬೇರು ಮೈ ಮುರಿದು ದುಡೀಬೇಕು. ದುಡಿಮೆಗೆ ಎಲೆಯಿಂದ ಇಳಿದು ಬರೋ ಸಕ್ಕರೆ ಬೇಕು, ಅದನ್ನು ಉರಿಸೋಕೆ ಆಮ್ಲಜನಕ ಬೇಕು. ಆ ಆಮ್ಲಜನಕ ಸಿಗೋದು ಮಣ್ಣಿನ ಕಣಗಳ ನಡುವಿನ ಸಂದಿಯಿಂದ. ಸಂದಿಯಲ್ಲೆಲ್ಲ ನೀರು ತುಂಬಿದರೆ? ಗಾಳಿಗಿಂತ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತೆ. ಉಸಿರು ಕಟ್ಟಿದ ಬೇರು ನೀರನ್ನು ಒಳಗೆ ಬಿಟ್ಟುಕೊಳ್ಳೋದನ್ನೂ ಕಡಿಮೆ ಮಾಡುತ್ತೆ, ಆಮೇಲೆ ಕೊಳೆಯುತ್ತೆ. ನೀರಲ್ಲಿ ನಿಂತೇ ಗಿಡ ಬಾಯಾರುತ್ತೆ. ಎಲೆ ಜೋತು ಬೀಳೋದು ಥೇಟ್ ನೀರಿಲ್ಲದ ಗಿಡದ ಹಾಗೇ, ಅದಕ್ಕೇ ನಾವು ಇನ್ನೊಂದು ಚೊಂಬು ಸುರೀತೀವಿ. ಮಣ್ಣಿಗೆ ಬೆರಳು ಚುಚ್ಚಿ ನೋಡಿ. ಎರಡು ಗೆಣ್ಣು ಆಳದಲ್ಲೂ ಹಸಿ ಇದ್ದರೆ ಇವತ್ತು ನೀರು ಬೇಡ. ಕುಂಡದ ತೂತು ಕಟ್ಟಿದೆಯಾ, ತಟ್ಟೆಯಲ್ಲಿ ನೀರು ನಿಂತಿದೆಯಾ ಅದನ್ನೂ ನೋಡಿ.

"ಭತ್ತ ಗದ್ದೆ ನೀರಲ್ಲೇ ನಿಂತಿರಲ್ವಾ?" ಅಂತ ಗ್ರೂಪಿನಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಭತ್ತದ ಕಾಂಡ, ಬೇರಿನೊಳಗೆ ಗಾಳಿ ಇಳಿಯೋಕೆ ಟೊಳ್ಳು ದಾರಿಗಳಿವೆ. ತಾವರೆ ದಂಟು ಕತ್ತರಿಸಿದರೆ ಕಾಣೋ ತೂತುಗಳೂ ಅದಕ್ಕೇ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಬೆಳೆಯೋ ಕಾಂಡ್ಲಾದ ಕೆಲವು ಜಾತಿಗಳಂತೂ ಕೆಸರಿನಿಂದ ಬೇರನ್ನೇ ಪೆನ್ಸಿಲಿನಂತೆ ಮೇಲಕ್ಕೆ ಚಾಚಿ ಉಸಿರಾಡುತ್ತವೆ. ತುಳಸಿಗೆ ಈ ಸೌಲಭ್ಯವಿಲ್ಲ.

ಹೊಂಗೆಯ ಬೇರಿಗೂ ಗಾಳಿ ಬೇಕು. ನಮ್ಮ ರಸ್ತೆಯ ಹೊಂಗೆ ಮರದ ಬುಡಕ್ಕೆ ಹೋದ ವರ್ಷ ಫುಟ್‌ಪಾತ್ ಕೆಲಸದವರು ಸಿಮೆಂಟು ಮೆತ್ತಿ, ಟೈಲ್ಸ್ ಕೂರಿಸಿ ಹೋದರು. ಕಾಂಡಕ್ಕೂ ಟೈಲ್ಸ್‌ಗೂ ನಡುವೆ ಒಂದು ಬೆರಳು ಜಾಗವಿಲ್ಲ. ನೀರೂ ಇಳಿಯಲ್ಲ, ಗಾಳಿಯೂ ಇಳಿಯಲ್ಲ. ನೆರಳು ಬೇಕು ಅಂತ ಅದರ ಕೆಳಗೇ ಕಾರು ನಿಲ್ಲಿಸ್ತೀವಿ, ಮಣ್ಣು ಇನ್ನಷ್ಟು ಗಟ್ಟಿ. ಈ ವರ್ಷ ಒಂದು ಪಕ್ಕದ ಕೊಂಬೆಗಳು ಒಣಗಿವೆ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೀಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು. ಮರದ ಬೇರು ಕೊಂಬೆಗಳಿಗಿಂತ ಅಗಲಕ್ಕೆ ಹರಡಿರುತ್ತೆ, ಒಂದು ಮೀಟರ್ ಏನೇನೂ ಅಲ್ಲ. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ವಾರ್ಡ್ ಆಫೀಸಿಗೆ ಫೋಟೋ ಸಮೇತ ಅರ್ಜಿ ಕೊಟ್ಟಿದ್ದೀವಿ, ಹನ್ನೊಂದು ಮನೆಯವರ ಸಹಿ ಇದೆ. ಕಾರು ಇರೋ ಮೂವರು ಇನ್ನೂ ಸಹಿ ಹಾಕಿಲ್ಲ. ಭಾನುವಾರ ಮತ್ತೆ ಹೋಗಿ ಬಾಗಿಲು ತಟ್ತೀನಿ.